ಖಾಲಿ ಇರದ ಕೋವಿ

ಕೋವಿ ಖಾಲಿ ಇರಲಿಲ್ಲ ನಾಗರಾಜ. ನೀನು ತೋಟಾ ತುಂಬಿದ್ದೆ, ಟ್ರಿಗರ್ ಕೂಡ ಎಳೆದಿದ್ದೆ. ಅದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ನಿನ್ನ ಅತ್ತಿಗೆ ನಾನು ಸುಳ್ಳು ಹೇಳಿದೆ.

ಆ ವರ್ಷ ಎಲೆಕ್ಷನ್ನು ಅಂತ ಮಾವನವರ ಲೈಸೆನ್ಸ್ ಕೋವಿನ ಪೊಲೀಸ್ ಸ್ಟೇಷನ್ನಿನಲ್ಲಿ ಇಡಿಸಿಕೊಂಡಿದ್ದರು. ತೋಟಾದ ಡಬ್ಬಿ ಮಾತ್ರ ಅಟ್ಟದ ಟ್ರಂಕಿನಲ್ಲಿ ಉಳಿದಿತ್ತು. ನನ್ನ ಮಗ ಆಗ ತಾನೇ ಅಟ್ಟ ಹತ್ತೋದು ಕಲಿತಿದ್ದ. ಅವನ ಕೈಗೆ ಸಿಕ್ಕೀತು ಅಂತ ಡಬ್ಬಿ ತಗೊಂಡು ಹೋಗಿ ಹುಳುಮನೆಯಲ್ಲಿ ಬಚ್ಚಿಟ್ಟೆ. ಹುಳುಮನೆಯಲ್ಲಿ! ರೇಷ್ಮೆ ಹುಳಕ್ಕೆ ತಂಪಿರಲಿ ಅಂತ ನಾನೇ ದಿನಾ ಒದ್ದೆ ಗೋಣಿಚೀಲ ಕಟ್ಟೋ ಜಾಗದಲ್ಲಿ. ಎಂಥ ಬುದ್ಧಿ ನಂದು! "ತೋಟಾಗೆ ವಯಸ್ಸಿನ ಭಯ ಇಲ್ಲ ಕಣಮ್ಮ, ತೇವದ್ದೇ ಭಯ. ಬುಡದಲ್ಲಿರೋ ಕೇಪಿಗೆ ತೇವ ಹತ್ತಿದ್ರೆ ಪಿನ್ನು ಹೊಡೆದ್ರೂ ಕಿಡಿ ಹುಟ್ಟಲ್ಲ" ಅಂತ ಮಾವ ಎಷ್ಟು ಸಲ ಹೇಳಿದ್ದರು. ಬೆಳೆ ಮೇಲೆ ಬೆಳೆ ಹುಳು ಗೂಡು ಕಟ್ಟಿದರೂ ಡಬ್ಬಿ ಅಲ್ಲೇ ಇತ್ತು. ಕೋವಿ ವಾಪಸ್ ಬಂದ ದಿನ ಸೆರಗಿನಲ್ಲಿ ಒರೆಸಿ, ಸದ್ದಿಲ್ಲದೆ ಟ್ರಂಕಿಗೆ ಸೇರಿಸಿದೆ.

ಆಮೇಲಿನದು ನಿನಗೆ ಗೊತ್ತು. ಬೆಳಗಾಗ್ತಿದ್ದ ಹಾಗೆ ನೀನೂ ನಿಮ್ಮಣ್ಣನೂ ಜೋಳದ ಹೊಲಕ್ಕೆ ಹೋದಿರಿ. ಜೋಳ ತಿನ್ನೋಕೆ ಬಂದಿದ್ದ ಕಾಡುಹಂದಿ ನಿಮ್ಮಣ್ಣನ ಮೇಲೆ ನುಗ್ಗಿತು — ನಿನ್ನ ಕೈಲಿದ್ದ ಕೋವಿಯಿಂದ ಈಡು ಹಾರಲಿಲ್ಲ. ಅವರ ತೊಡೆ ಸೀಳಿಹೋಯ್ತು, ಇವತ್ತಿಗೂ ಕುಂಟುತ್ತಾರೆ. ನೀನು ಕೋವಿ ಬಿಸಾಕಿ ಅಣ್ಣನ್ನ ಹೆಗಲ ಮೇಲೆ ಹೊತ್ತು ತಂದೆ. ಎಲ್ಲರೂ ಆಸ್ಪತ್ರೆಗೆ ಓಡಿದಾಗ ಹೊಲದಿಂದ ಕೋವಿ ತಂದವಳು ನಾನು. ತೋಟಾ ತೆಗೆದು ನೋಡಿದೆ — ಕೇಪಿನ ನಡುಮಧ್ಯೆ ಪಿನ್ನು ಗುದ್ದಿದ ಗುಳಿ. ಪಿನ್ನು ಹೊಡೆದಿತ್ತು, ನಾನು ಹತ್ತಿಸಿದ ತೇವಕ್ಕೇ ಕಿಡಿ ಹುಟ್ಟಿರಲಿಲ್ಲ. ಗಂಡನ ಕಾಲು ಹಾಳು ಮಾಡಿದವಳು ಅನ್ನಿಸಿಕೊಳ್ಳಬೇಕಲ್ಲ ಅಂತ — ತೋಟಾನ ಪಾಳುಬಾವಿಗೆ ಎಸೆದುಬಿಟ್ಟೆ.

ಸಂಜೆ ನೀನು ಬಂದು, ಎಲ್ಲರ ಮುಂದೆ, "ಅತ್ತಿಗೆ, ಕೋವೀಲಿದ್ದ ತೋಟಾ ಎಲ್ಲಿ?" ಅಂತ ಕೇಳಿದೆ.

"ಕೋವಿ ಖಾಲಿ ಇತ್ತಲ್ಲಪ್ಪಾ," ಅಂದೆ ನಾನು.

ಅಷ್ಟೇ. 'ಖಾಲಿ ಕೋವಿ ನಾಗ' ಅಂತ ಊರು ಹೆಸರಿಟ್ಟಿತು. ನಿಮ್ಮಣ್ಣ ಮಾತು ಬಿಟ್ಟರು. ನೀನು ನಮ್ಮೂರು ಸಾಸಲು ಬಿಟ್ಟು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಸೇರಿಕೊಂಡೆ. ಮಾಡಿದ್ದುಣ್ಣೋ ಮಹರಾಯ ಅಂತಾರೆ — ಮಾಡಿದವಳು ನಾನು, ಉಂಡವನು ನೀನು.

ಮೊನ್ನೆ ಮದುವೆಮನೆಯ ಊಟದಲ್ಲಿ ನನ್ನ ಮಗ ನಿನ್ನ ಮಗನ್ನ "ಲೇ ಖಾಲಿ ಕೋವಿ" ಅಂತ ಕರೆದ. ಎಲ್ಲ ನಕ್ಕರು. ನಿನ್ನ ಮಗ ಎಲೆ ಬಿಟ್ಟು ಎದ್ದುಹೋದ. ಸಾಕು, ಇನ್ನು ಸಾಕು ಅನ್ನಿಸಿತು.

ನಿನ್ನೆ ನಿಮ್ಮಣ್ಣನಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. "ಕಾಲು ಹಾಳಾಗ್ಲಿ ಕಣೇ, ನನ್ನ ತಮ್ಮನ್ನ ಯಾಕೆ ಕಿತ್ಕೊಂಡೆ?" ಅಂತ ಅತ್ತರು.

ಇವತ್ತು ಬೆಳಗ್ಗೆ ಹಾಲಿನ ಡೇರಿ ಮುಂದೆ, ಕ್ಯಾನು ಹಿಡಿದು ನಿಂತವರಿಗೆಲ್ಲ ಕೇಳಿಸೋ ಹಾಗೆ ಇಷ್ಟನ್ನೂ ಹೇಳಿದೆ. ನನ್ನ ಮಗನೂ ಅಲ್ಲೇ ಇದ್ದ, ತಲೆ ತಗ್ಗಿಸಿದ. ಒಬ್ಬಳು "ಈಗ್ಯಾಕಕ್ಕ ಇದೆಲ್ಲ, ಬಿಡಿ" ಅಂದಳು. ಬಿಡಲ್ಲ. ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ ನಾಗರಾಜ. ಊರಿಗೆ ಬರೋದೂ ಬಿಡೋದೂ ನಿನ್ನಿಷ್ಟ. ನಾಳೆನೂ ನಾನು ಡೇರಿಗೆ ಹೋಗ್ತೀನಿ. ಇವತ್ತು ಬರದೇ ಇದ್ದವರು ನಾಳೆ ಬರ್ತಾರೆ.