ಭಾವನ ಮುಂದಿನ ಬಿಲ್ಲೆಗುಡ್ಡ

ನಮ್ಮ ಕ್ಲಬ್ಬಿನಲ್ಲಿ ಇಪ್ಪತ್ತನಾಲ್ಕು ಕುರ್ಚಿಗಳಿವೆ. ಅದರಲ್ಲಿ ಇಪ್ಪತ್ತಮೂರಕ್ಕೆ ಕೈಯಿಲ್ಲ, ಮೆತ್ತೆಯಿಲ್ಲ, ಕೆಲವಕ್ಕೆ ನಾಲ್ಕನೇ ಕಾಲಿನ ಬಗ್ಗೆಯೂ ಖಾತ್ರಿಯಿಲ್ಲ. ಉಳಿದದ್ದೊಂದೇ ಕುರ್ಚಿ ಎನ್ನಿಸಿಕೊಳ್ಳುವಂಥದ್ದು. ಅಗಲವಾದ ಕೈಗಳು, ಹಸಿರು ಮೆತ್ತೆ, ಬೆನ್ನಿಗೆ ಹದವಾದ ಒರಗು. ವರ್ಷಕ್ಕೊಮ್ಮೆ ನಡೆಯುವ ಪೋಕರ್ ಪಂದ್ಯದಲ್ಲಿ ಗೆದ್ದವರು ಮುಂದಿನ ಪಂದ್ಯದವರೆಗೆ ಪ್ರತಿ ಭಾನುವಾರ ಅದರಲ್ಲಿ ಕೂರಬಹುದು. ಬೇರೆಯವರು ಅದರ ಮೇಲೆ ಚೀಲ ಕೂಡ ಇಡುವಂತಿಲ್ಲ. ಬಹುಮಾನ ಅಂದರೆ ಅಷ್ಟೇ.

ಆ ಕುರ್ಚಿಯ ಮೇಲೆ ನನ್ನ ಅಕ್ಕ ಹನ್ನೊಂದು ವರ್ಷದಿಂದ ಕಣ್ಣಿಟ್ಟಿದ್ದಳು. ಅವಳದು ಬಟ್ಟೆ ತಿದ್ದಿಕೊಡುವ ಅಂಗಡಿ. ಹೊಸದನ್ನು ಹೊಲಿಯುವುದಿಲ್ಲ. ದಪ್ಪಗಾದವರ ಬಟ್ಟೆ ಬಿಚ್ಚಿ ಅಗಲ ಮಾಡುತ್ತಾಳೆ, ತೆಳ್ಳಗಾದವರದ್ದನ್ನು ಹಿಡಿದು ಹೊಲಿಯುತ್ತಾಳೆ, ಇನ್ನು ತೆಳ್ಳಗಾಗುತ್ತೇವೆ ಎಂದುಕೊಂಡು ಬಂದವರಿಗೆ ಬುದ್ಧಿ ಹೇಳಿ ಕಳಿಸುತ್ತಾಳೆ. ಮೂವತ್ತು ವರ್ಷ ಮಿಷನ್ನಿನ ಮೇಲೆ ಬಾಗಿ ಬಾಗಿ ಅವಳ ಸೊಂಟ ಹಿಡಿದುಹೋಗಿದೆ. ಭಾನುವಾರ ಆ ಬರಿ ಮರದ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತರೆ ಬುಧವಾರದವರೆಗೆ ನೋವು. ಆದರೂ ಒಂದು ವಾರ ತಪ್ಪಿಸುವವಳಲ್ಲ. ಮೂರು ಸಲ ಎರಡನೇ ಸ್ಥಾನಕ್ಕೆ ಬಂದು, ಮೂರು ಸಲವೂ ಆ ಹಸಿರು ಮೆತ್ತೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಗೆ ನಡೆದಿದ್ದಳು.

ಭಾವ ಊರೊಳಗಿನ ಬಸ್ಸಿನ ಡ್ರೈವರು. ಸ್ಟೇರಿಂಗ್ ಹಿಡಿದಾಗಲೂ ಎಲ್ಲರಿಗೂ ದಾರಿ ಬಿಡುತ್ತಾರೆ, ಮನೆಯಲ್ಲಂತೂ ಕೇಳುವುದೇ ಬೇಡ. ಅಕ್ಕ ಏನು ಹೇಳಿದರೂ ಅವರ ಉತ್ತರ "ಹೂಂ." ಕಿಟಕಿ ಹಾಕಿ ಅಂದರೆ ಹೂಂ, ತೆಗೀರಿ ಅಂದರೆ ಹೂಂ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವರ ಬಾಯಿಂದ ಅಕ್ಕನಿಗೆ ಎದುರಾಗಿ ಒಂದು ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ನನಗೆ ಸಿಕ್ಕವನು ಬೇರೆ ಥರದವನಾಗಿದ್ದ, ಆ ಕತೆ ಇಲ್ಲಿ ಬೇಡ, ಒಂಬತ್ತು ವರ್ಷದಿಂದ ನಾನು ಇವರ ಮನೆಯಲ್ಲೇ ಇದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಶುರುವಿಗೆ ಪ್ರತಿಯೊಬ್ಬರಿಗೂ ಐವತ್ತು ಬಣ್ಣದ ಬಿಲ್ಲೆ. ಕೈಗೆ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎರಡೂ ಸೇರಿ ಯಾರದು ದೊಡ್ಡದೋ ಹಾಕಿದ ಬಿಲ್ಲೆಯೆಲ್ಲ ಅವರಿಗೆ, ನಡುವೆ ಎಲೆ ಬಿಟ್ಟವರು ಆ ಕೈಯಿಂದ ಹೊರಗೆ. ಬಿಲ್ಲೆ ಮುಗಿದವರು ಏಳಬೇಕು, ಕೊನೆಗೆ ಉಳಿದವರು ಗೆದ್ದಂತೆ. ಸುಮ್ಮನೆ ಕೈ ಕಟ್ಟಿಕೊಂಡು ಕೂರುವಂತೆಯೂ ಇಲ್ಲ. ಪ್ರತಿ ಸುತ್ತಿಗೂ ಕಡ್ಡಾಯವಾಗಿ ಕೆಲವು ಬಿಲ್ಲೆ ಹಾಕಬೇಕು, ಹೊತ್ತು ಹೋದಂತೆ ಅದು ಏರುತ್ತದೆ. ಮುಂದೆ ಗುಡ್ಡದಷ್ಟು ಬಿಲ್ಲೆ ಪೇರಿಸಿಕೊಂಡವನು ಸೋತರೆ ಗುಡ್ಡದ ಒಂದು ಮೂಲೆ ಕುಸಿಯುತ್ತದೆ, ಹತ್ತು ಬಿಲ್ಲೆಯವಳು ಸೋತರೆ ಮನೆಗೆ. ಹಾಗಾಗಿ ಅಲ್ಲಿ ಆನೆ ನಡೆದದ್ದೇ ದಾರಿ.

ಆನೆಯೆದುರು ಹೇಗೆ ಆಡಬೇಕು ಎನ್ನುವುದನ್ನು ಅಕ್ಕನಿಂದಲೇ ಕಲಿಯಬೇಕು. ನಾನು ಕಲಿಯಲಿಲ್ಲ, ಅದಕ್ಕೇ ವಾರವಾರವೂ ಮೊದಲು ಏಳುವವಳು ನಾನೇ. ಯಾರಾದರೂ ಗುಡ್ಡ ತಳ್ಳಿ ಹೆದರಿಸಿದರೆ ನನಗೆ ರೋಷ ಬಂದು ಕೆಟ್ಟ ಎಲೆಯಲ್ಲೇ ಎದುರು ಬೀಳುತ್ತೇನೆ. ಅಕ್ಕ ಬೀಳುವುದಿಲ್ಲ.

"ಪ್ಯಾಂಟು ಸಡಿಲ ಮಾಡಿ ಅಂತ ಬರ್ತಾರಲ್ಲ, ನಾನು ಮೊದ್ಲು ನೋಡೋದು ಹೊಲಿಗೆ ಒಳಗೆ ಎಷ್ಟು ಬಟ್ಟೆ ಬಿಟ್ಟಿದಾರೆ ಅಂತ," ಎನ್ನುತ್ತಾಳೆ. "ಒಳಗೆ ಬಟ್ಟೆನೇ ಇಲ್ದೆ ಕತ್ತರಿ ಹಾಕಿದ್ರೆ ಮುಗೀತು. ನನ್ ಹತ್ರ ಇರೋದು ಒಂದೇ ಕತ್ತರಿ ಏಟು ಕಣೇ. ಅದನ್ನ ಸುಮ್ಸುಮ್ನೆ ಹಾಕಲ್ಲ. ಹಾಕಿದ್ಮೇಲೆ ಅರ್ಧಕ್ಕೆ ನಿಲ್ಸಲ್ಲ."

ಅಂದರೆ ಹತ್ತು ಕೈ, ಇಪ್ಪತ್ತು ಕೈ ಎಲೆ ಬಿಟ್ಟು ಕೂರುತ್ತಾಳೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಒಳ್ಳೆಯ ಎಲೆ ಬಂದಾಗ ಎರಡು ಬಿಲ್ಲೆ, ನಾಲ್ಕು ಬಿಲ್ಲೆ ಎಂದು ಚೌಕಾಸಿ ಮಾಡದೆ ಇದ್ದದ್ದೆಲ್ಲವನ್ನೂ ತಾನೇ ಮೊದಲು ತಳ್ಳುತ್ತಾಳೆ. ಆಮೇಲೆ ತಲೆ ಕೆಡಿಸಿಕೊಳ್ಳುವ ಸರದಿ ಆನೆಯದು.

ಭಾವ ಆಟಕ್ಕೆ ಬಂದದ್ದು ಅಕ್ಕ ಕರೆದಳೆಂದು. ಅವರಿಗೆ ಉಪಾಯ ಗಿಪಾಯ ಗೊತ್ತಿಲ್ಲ. ಆದರೆ ಎಲೆ ಬರುವುದೆಂದರೆ ಅವರಿಗೇ, ಅದೂ ಹುಡುಕಿಕೊಂಡು. ವರ್ಷದ ಪಂದ್ಯಕ್ಕೆ ಎರಡು ತಿಂಗಳಿದ್ದಾಗ ಒಂದು ಭಾನುವಾರ ಅವರ ಮುಂದೆ ಮುನ್ನೂರು ಬಿಲ್ಲೆ ಬಿದ್ದಿತ್ತು, ಎದುರಿಗೆ ಅಕ್ಕನ ಹತ್ತಿರ ಹನ್ನೆರಡು. ಅಕ್ಕ ಹನ್ನೆರಡನ್ನೂ ತಳ್ಳಿದಳು. ಭಾವ ಕೊಂಚವೂ ಯೋಚಿಸದೆ ಎಲೆ ಬಿಟ್ಟರು. ಬಿಡುವಾಗ ಅವರ ತೋಳಿನ ಗುಂಡಿ ತಗುಲಿ ಎಲೆ ಅಂಗಾತ ಬಿತ್ತು. ಎರಡು ಎಕ್ಕ! ಇಡೀ ಕಟ್ಟಿನಲ್ಲೇ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಮೇಜಿನ ಸುತ್ತ ಇದ್ದವರೆಲ್ಲ ಕಾರ್ಯದರ್ಶಿಯ ಕಡೆ ತಿರುಗಿದರು.

ಕ್ಲಬ್ಬಿನ ಕಾರ್ಯದರ್ಶಿ ಹಲ್ಲಿನ ಡಾಕ್ಟರಮ್ಮ. ಜನರ ಬಾಯಿ ತೆಗೆಸಿ ಅಭ್ಯಾಸವಿರುವುದರಿಂದ ಅವರ ಮುಂದೆ ನಾವೆಲ್ಲ ಬಾಯಿ ಮುಚ್ಚಿಕೊಂಡಿರುತ್ತೇವೆ.

"ಗಂಡ ಹೆಂಡ್ತಿ ಸೇರ್ಕೊಂಡು ಆಡೋ ಹಾಗಿದ್ರೆ ಮನೇಲಿ ಆಡ್ಕೊಳ್ಳಿ," ಎಂದರು. "ಇನ್ನೊಂದ್ಸಲ ಹೀಗಾದ್ರೆ ಇಬ್ರೂ ಹೊರಗೆ. ಇದೇ ಕೊನೇ ಮಾತು."

ಅಕ್ಕನ ಮುಖ ಕೆಂಪಾಯಿತು. ಡಾಕ್ಟರಮ್ಮನ ಮೇಲಿನ ಸಿಟ್ಟೆಂದುಕೊಂಡೆ. ದಾರಿಯಲ್ಲಿ ತಿಳಿಯಿತು, ಅದಲ್ಲ.

"ಯಾಕ್ರೀ ಬಿಟ್ರಿ?"

"ಗೆದ್ದಾಗ ನಿನ್ ಮುಖ ನೋಡೋಕೆ ಚೆನ್ನಾಗಿರುತ್ತೆ," ಎಂದರು ಭಾವ.

ನನ್ನ ಹೊಟ್ಟೆಯೊಳಗೆ ಬೆಣ್ಣೆ ಕರಗಿದ ಹಾಗಾಯಿತು. ಅಕ್ಕನಿಗೆ ಬೆಂಕಿ ಬಿದ್ದಿತ್ತು.

"ಹಾಗಾದ್ರೆ ನಾನು ಇಲ್ಲೀವರ್ಗೂ ಗೆದ್ದಿದ್ದೆಲ್ಲಾ ಇದೇನಾ? ಆ ಮನೆ ಬೇಡ ಈ ಮನೆ ಸಾಕು ಅಂದಾಗ, ಅಂಗಡಿ ಇಡ್ತೀನಿ ಅಂದಾಗ, ನಾನು ಹೇಳಿದ್ದು ಸರಿ ಅಂತ ಹೂಂ ಅಂದ್ರೋ, ಮುಖ ನೋಡೋಕೆ ಅಂದ್ರೋ? ಇಪ್ಪತ್ತಾರು ವರ್ಷದಿಂದ ಒಬ್ಳೇ ಆಡ್ತಾ ಇದೀನಾ ನಾನು?"

ಭಾವ "ಹೂಂ" ಅನ್ನಲು ಬಾಯಿ ತೆರೆದು, ಅದು ಎಡವಟ್ಟಾಗುತ್ತದೆಂದು ಹೊಳೆದು ಮುಚ್ಚಿಕೊಂಡರು. ನನ್ನ ಅಕ್ಕ ಅಳುವ ಪೈಕಿಯಲ್ಲ. ಅವತ್ತು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ನನಗೆ ತುಂಬ ಸಂಕಟವಾಯಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳವಾದರೆ ತಾನೇ ಮುಗಿಯುವುದು? ಅಕ್ಕ ಜಗಳ ಹುಡುಕಿಕೊಂಡು ಹೊರಟಳು. ಕಾಫಿಗೆ ಸಕ್ಕರೆ ಹಾಕದೆ ಕೊಟ್ಟಳು, ಭಾವ ಕುಡಿದು ಲೋಟ ತೊಳೆದಿಟ್ಟರು. ಅವರ ಮೆಚ್ಚಿನ ಹಳೇ ಅಂಗಿಯನ್ನು ಒರೆಸುಬಟ್ಟೆ ಮಾಡುತ್ತೇನೆಂದಳು, ತಾವೇ ಕತ್ತರಿ ತಂದುಕೊಟ್ಟರು. ಕೊನೆಗೆ, "ಮಲಗೋ ಕೋಣೆಗೆ ಕಡು ನೇರಳೆ ಬಣ್ಣ ಹೊಡೆಸೋಣ," ಎಂದಳು. ಅದಕ್ಕೂ "ಹೂಂ." ಎರಡು ಡಬ್ಬಿ ತಂದು, ಏಣಿ ಹತ್ತಿ, ಮೂಲೆ ಮೂಲೆಗೂ ಬಳಿದರು. ಆ ಕೋಣೆಯಲ್ಲಿ ಹಗಲಲ್ಲೂ ದೀಪ ಹಾಕಬೇಕಾಗಿತ್ತು. ಬದನೆಕಾಯಿಯೊಳಗೆ ಮಲಗಿದ ಹಾಗಿದೆ ಎಂದು ನಾನಂದರೆ ಇಬ್ಬರೂ ನಗಲಿಲ್ಲ.

ಹೀಗಿರುವಾಗ ವರ್ಷದ ಪಂದ್ಯ ಬಂತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆ ಕೋಣೆ, ನಾಲ್ಕು ಮೇಜು, ಮಧ್ಯಾಹ್ನ ಎರಡು ಗಂಟೆ. ಹಸಿರು ಮೆತ್ತೆಯ ಕುರ್ಚಿಯನ್ನು ಒರೆಸಿ ಕಿಟಕಿಯ ಕೆಳಗೆ ಇಟ್ಟಿದ್ದರು. ಇಪ್ಪತ್ತು ನಿಮಿಷಕ್ಕೆ ನನ್ನ ಆಟ ಮುಗಿದು, ನಾನು ಅಕ್ಕನ ಬೆನ್ನ ಹಿಂದೆ ನಿಂತೆ.

ಅವತ್ತಿನ ಆನೆ ಟೈಲ್ಸ್ ಮೇಸ್ತ್ರಿ. ನಾಲ್ಕು ಗಂಟೆಗೆಲ್ಲ ಅವನ ಮುಂದಿನ ಗುಡ್ಡದ ಹಿಂದೆ ಅವನ ಮೀಸೆ ಮಾತ್ರ ಕಾಣುತ್ತಿತ್ತು. ಪ್ರತಿ ಕೈಗೂ ಬಿಲ್ಲೆ ತಳ್ಳಿ ಹೆದರಿಸುವುದು, "ಬರ್ರಿ ಬರ್ರಿ, ಯಾರ್ ಬರ್ತೀರಾ?" ಎಂದು ಕೆಣಕುವುದು. ರೋಷ ಬಂದವರು ಒಬ್ಬೊಬ್ಬರಾಗಿ ಹೋದರು. ಅಕ್ಕ ಎಲೆ ನೋಡುವಳು, ಬಿಡುವಳು, ಸೊಂಟ ಒತ್ತಿಕೊಳ್ಳುವಳು. ಬಿಲ್ಲೆ ಮೂವತ್ತಕ್ಕಿಳಿದಾಗ ಅವಳಿಗೆ ಎರಡು ರಾಣಿ ಬಂತು, ಅಷ್ಟನ್ನೂ ತಳ್ಳಿದಳು. ಇದ್ದವನಿಗೆ ಕೊಬ್ಬು ಇದ್ದೇ ಇರುತ್ತದಲ್ಲ, ಮೇಸ್ತ್ರಿ ಒಂದು ನಾಲ್ಕು, ಒಂದು ಒಂಬತ್ತು ಹಿಡಿದುಕೊಂಡು "ಮೂವತ್ತು ತಾನೇ" ಎಂದು ಬಂದ. ಅವಳದು ಎರಡರಷ್ಟಾಯಿತು. ಅರ್ಧರ್ಧ ಗಂಟೆ ಬಿಟ್ಟು ಅದೇ ರೀತಿ ಇನ್ನೆರಡು ಸಲ. ತಾಳಿದವಳು ಬಾಳಿದಳು. ಆರು ಗಂಟೆಯ ಹೊತ್ತಿಗೆ ನಾಲ್ಕು ಮೇಜು ಒಂದಾಗಿ ಅದರಲ್ಲಿ ಮೂವರು, ಅಕ್ಕನ ಮುಂದೆ ಇನ್ನೂರು. ಎಲೆ ಹುಡುಕಿಕೊಂಡು ಬಂದು ಭಾವನ ಮುಂದೆಯೂ ಮೇಸ್ತ್ರಿಯದಷ್ಟೇ ಗುಡ್ಡ ಬೆಳೆದಿತ್ತು. ಆಗ ಮೇಸ್ತ್ರಿ ತನ್ನ ಗುಡ್ಡವನ್ನೆಲ್ಲ ಭಾವನ ಮೇಲೆ ತಳ್ಳಿದ. ಭಾವ ಪಾಪ, ಮೂರು ಗುಲಾಮ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಮೇಸ್ತ್ರಿ ಎದ್ದ.

ಉಳಿದವರು ಇಬ್ಬರೇ. ಭಾವನ ಮುಂದೆ ಸಾವಿರ, ಅಕ್ಕನ ಮುಂದೆ ಇನ್ನೂರು. ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕೂತರು. ಐದು ನಿಮಿಷದ ಬಿಡುವಿನಲ್ಲಿ ನಾನು ಅಕ್ಕನ ಕಿವಿ ಕಚ್ಚಿದೆ.

"ಎಲೆ ಏನೇ ಬರ್ಲಿ, ಪ್ರತಿ ಸಲ ತಳ್ಳಿಬಿಡು. ಅವ್ರು ಬಿಟ್ಟೇ ಬಿಡ್ತಾರೆ. ಕತ್ತಲಾಗೋದ್ರೊಳಗೆ ಕುರ್ಚಿ ನಿಂದು."

"ಗೊತ್ತು ಕಣೇ. ಹಾಗೆ ಸಿಕ್ಕಿದ್ ಕುರ್ಚೀಲಿ ನನ್ ಬೆನ್ನು ನಿಲ್ಲಲ್ಲ."

ಮೊದಲ ಕೈ. ಅಕ್ಕನಿಗೆ ಒಳ್ಳೆಯ ಎಲೆಯೇ ಬಂದಿತ್ತು, ಎಲ್ಲವನ್ನೂ ತಳ್ಳಿದಳು. ಭಾವ ಎಲೆ ಬಿಟ್ಟರು, ಬಿಟ್ಟು ಡಾಕ್ಟರಮ್ಮನಿಗೆ ಹೋಮ್‌ವರ್ಕ್ ತೋರಿಸುವವರಂತೆ ತಿರುಗಿಸಿ ತೋರಿಸಿದರು. ಎರಡು ಮತ್ತು ಏಳು, ನ್ಯಾಯವಾಗಿಯೇ ಬಿಟ್ಟದ್ದು. ಎರಡನೆಯ ಕೈಯಲ್ಲೂ ಹಾಗೇ, ಭಾವನದು ಮೂರು ಮತ್ತು ಎಂಟು. ಮೂರನೆಯದಕ್ಕೆ ಅಕ್ಕ ಎಲೆಯ ಮೂಲೆ ಎತ್ತಿ ನೋಡಿದಳು. ಹಿಂದಿನಿಂದ ನನಗೂ ಕಂಡಿತು, ಒಂಬತ್ತರ ಜೋಡಿ. ಎರಡೂ ಕೈಯಿಂದ ಬಿಲ್ಲೆಗಳನ್ನು ಮುಂದಕ್ಕೆ ನೂಕಿದಳು.

ಭಾವ ಈ ಸಲ ತಕ್ಷಣ ಬಿಡಲಿಲ್ಲ. ತಮ್ಮ ಎಲೆ ನೋಡಿದರು, ಅಕ್ಕನ ಬಿಲ್ಲೆ ನೋಡಿದರು, ಅಕ್ಕನನ್ನು ನೋಡಿದರು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಬಿಟ್ಬಿಡ್ರೀ," ಎಂದಳು ಅಕ್ಕ.

ಕಿಟಕಿ ಹಾಕಿ ಎನ್ನುವಾಗಿನ ಅದೇ ದನಿ. ಇಬ್ಬರೇ ಉಳಿದಾಗ ಮಾತಾಡಲು ನಮ್ಮ ಕ್ಲಬ್ಬಿನಲ್ಲಿ ಅಡ್ಡಿಯಿಲ್ಲ, ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಸುಮ್ಮನಾದರು. ಇನ್ನು "ಹೂಂ" ಬರುತ್ತದೆ, ಎರಡು ಸದಸ್ಯತ್ವಗಳೂ ಹೋಗುತ್ತವೆ ಎಂದು ನನಗೆ ಖಾತ್ರಿಯಾಯಿತು. ಅಕ್ಕನ ಕೈ ಮೇಜಿನಂಚನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಸೂಜಿ ಚುಚ್ಚಿದ ಹಳೇ ಗುರುತುಗಳೆಲ್ಲ ಬೆಳ್ಳಗಾಗಿದ್ದವು.

"ಇಲ್ಲ," ಎಂದರು ಭಾವ. ಅವರ ದನಿ ಅವರಿಗೇ ಹೊಸದಾಗಿತ್ತು. ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಹೇಳಿದರು. "ಇಲ್ಲ. ನೋಡೇಬಿಡೋಣ."

ಅವರದು ಒಂದು ರಾಜ, ಒಂದು ಆರು. ದೊಡ್ಡ ಎಲೆಯೇನಲ್ಲ, ಸಾವಿರ ಇದ್ದವರು ಇನ್ನೂರಕ್ಕೆ ಬರಲು ಅಷ್ಟು ಸಾಕು. ಡಾಕ್ಟರಮ್ಮ ನಡುವಿನ ಎಲೆಗಳನ್ನು ಒಂದೊಂದಾಗಿ ತೆರೆದರು. ನಾಲ್ಕು ಎಲೆಯವರೆಗೂ ಭಾವನಿಗೆ ಏನೂ ಸಿಗಲಿಲ್ಲ, ಅಕ್ಕನ ಒಂಬತ್ತುಗಳೇ ಮುಂದಿದ್ದವು. ಐದನೆಯದು ರಾಜ, ಭಾವನಿಗೆ ರಾಜರ ಜೋಡಿ.

ಅಕ್ಕನ ಆಟ ಮುಗಿಯಿತು. ನಾಲ್ಕನೇ ಸಲ ಎರಡನೇ ಸ್ಥಾನ. ಭಾವನ ಮುಖ ಬಿಳಿಚಿಕೊಂಡಿತ್ತು.

"ರಾಜ ಬಂದ್ಬಿಟ್ಟ ಕಣೇ, ನಾನೇನ್ ಮಾಡ್ಲಿ..."

"ಅದಲ್ಲ. ಅದಕ್ ಮುಂಚೆ ಏನಂದ್ರಿ?"

"ಇಲ್ಲ ಅಂದೆ."

ಅಕ್ಕ ನಕ್ಕಳು. ನಗುತ್ತಾ ಕೆಮ್ಮಿದಳು, ಸೊಂಟ ಹಿಡಿದುಕೊಂಡು ಎದ್ದು ನಿಂತು ಮತ್ತೆ ನಕ್ಕಳು. ಅವಳು ಗೆದ್ದಾಗಲೂ ಅಂಥ ಮುಖವನ್ನು ನಾನು ನೋಡಿದವಳಲ್ಲ. ಹಸಿರು ಕುರ್ಚಿಯನ್ನು ತಾನೇ ಎಳೆದು ತಂದಳು. ಭಾವ ಸಂಕೋಚದಿಂದ ತುದಿಯಲ್ಲಿ ಕೂತರೆ, "ಪೂರ್ತಿ ಒರಗ್ರೀ," ಎಂದು ಗದರಿದಳು. ನನಗೂ ಕಣ್ಣು ತುಂಬಿತು, ಮೇಸ್ತ್ರಿ ನೋಡುತ್ತಿದ್ದನೆಂದು ಕಿಟಕಿಯ ಕಡೆ ತಿರುಗಿದೆ.

ಮನೆಗೆ ನಡೆಯುವಾಗ ಅವರಿಬ್ಬರು ಮುಂದೆ, ನಾನು ಹಿಂದೆ. ಬೀದಿದೀಪಗಳು ಆಗಷ್ಟೇ ಹತ್ತಿದ್ದವು. ಬೇಕರಿ ದಾಟಿದ ಮೇಲೆ ಭಾವ ಬಾಯಿಬಿಟ್ಟರು.

"ಆ ನೇರಳೆ ಬಣ್ಣ ನಂಗೆ ಇಷ್ಟ ಇಲ್ಲ."

ಅಕ್ಕ ನಿಂತೇಬಿಟ್ಟಳು. "ನಂಗೂ ಇಲ್ಲ. ಇನ್ನೇನು?"

"ಆ ಅಂಗಿ ಒರೆಸುಬಟ್ಟೆ ಮಾಡ್ಬಾರ್ದಿತ್ತು."

"ಸರಿ. ಇನ್ನೇನು?"

"ಭಾನುವಾರದ ಪೇಪರಲ್ಲಿ ಪದಬಂಧ ನಿನ್ ತಂಗಿ ಮುಗಿಸಿಬಿಡ್ತಾಳೆ. ಒಂಬತ್ ವರ್ಷದಿಂದ."

ಅಕ್ಕ ಹಿಂತಿರುಗಿ ನನ್ನನ್ನು ನೋಡಿದಳು. ನಾನು ಬೇಕರಿಯ ಬೋರ್ಡು ಓದತೊಡಗಿದೆ. ಅಷ್ಟರಲ್ಲಿ ಮನೆಯ ಗೇಟು ಬಂತು. ಅಕ್ಕ ಗೇಟಿಗೆ ಕೈ ಹಾಕಿದವಳು ತೆಗೆಯಲಿಲ್ಲ.

"ಇನ್ನೂ ಇದೆಯೇನ್ರೀ?"

"ಇದೆ."

"ಹಾಗಾದ್ರೆ ಇನ್ನೊಂದ್ ಸುತ್ತು ಹೋಗೋಣ ಬನ್ನಿ," ಎಂದು ಅವರ ತೋಳು ಹಿಡಿದುಕೊಂಡಳು. ಸೊಂಟದ ನೋವು ಅವಳಿಗೆ ನೆನಪಿದ್ದಂತಿರಲಿಲ್ಲ.

ಬೀಗದ ಕೈ ಅವಳ ಚೀಲದಲ್ಲೇ ಇತ್ತು. ನಾನು ಗೇಟಿನ ಮುಂದಿನ ಮೆಟ್ಟಿಲ ಮೇಲೆ ಕೂತೆ. ಮೊದಲ ಸುತ್ತು ಮುಗಿಸಿ ಅವರು ನನ್ನ ಮುಂದೆಯೇ ಹಾದುಹೋದರು, ನಿಲ್ಲಲಿಲ್ಲ. ಭಾವ ಮಾತಾಡುತ್ತಿದ್ದರು, ಅಕ್ಕ "ಹೂಂ, ಹೂಂ" ಎನ್ನುತ್ತಿದ್ದಳು.