ಕುರುಗೋಡಿನ ಹಂಪಮ್ಮ

ಆ ಬರಗಾಲವನ್ನು ಕಣ್ಣಾರೆ ಕಂಡವರು ಈಗ ನಮ್ಮ ಓಣಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಆಗ ನನಗೆ ಎಂಟು ವರ್ಷವಿರಬಹುದು. ಬಳ್ಳಾರಿ ಪೇಟೆಯಲ್ಲಿ ಅಪ್ಪನದು ಕಾಳಿನ ವ್ಯಾಪಾರ. ಮದ್ರಾಸಿನಿಂದ ರೈಲಿನಲ್ಲಿ ಬಂದ ಅಕ್ಕಿ, ಸಿರುಗುಪ್ಪದ ಕಾಲುವೆ ಗದ್ದೆಗಳ ಅಕ್ಕಿ, ಎಲ್ಲ ಸೇರಿ ಪಡಸಾಲೆಯಲ್ಲಿ ಚೀಲಗಳು ತೊಲೆ ಮುಟ್ಟುವಂತೆ ಏರಿದ್ದವು. ನಾವು ಗೋಣಿಯ ವಾಸನೆಯಲ್ಲೇ ಮಲಗಿ ಏಳುತ್ತಿದ್ದೆವು. ಬಾಗಿಲಾಚೆ, ಬಂಡಿಯಿಂದ ಚೀಲ ಇಳಿಸುವಾಗ ಉದುರಿದ ಕಾಳನ್ನು ಹಳ್ಳಿಯಿಂದ ನಡೆದು ಬಂದ ಹೆಂಗಸರು ಮಣ್ಣು ಸಮೇತ ಸೆರಗಿಗೆ ಬಳಿದುಕೊಳ್ಳುತ್ತಿದ್ದರು. ನನಗೆ ಮಾತ್ರ ಹಸಿವೆಯೆಂದರೆ ಅಜ್ಜಿ ಊಟಕ್ಕೆ ಕರೆಯುವ ಮುಂಚಿನ ಸ್ವಲ್ಪ ಹೊತ್ತು, ಅಷ್ಟೇ.

ಆ ವರ್ಷವೇ ನನ್ನ ತಮ್ಮ ಹುಟ್ಟಿದ. ಅವ್ವನಿಗೆ ಬಾಣಂತಿ ಜ್ವರ ಬಂದು ಎದೆಹಾಲು ಬತ್ತಿತು. ಹಿಂದೆ ಇಬ್ಬರು ಮೊಮ್ಮಕ್ಕಳನ್ನು ಮಣ್ಣಿಗಿಟ್ಟಿದ್ದ ಅಜ್ಜಿ ಅಂದೇ ಹಾಲೂಡುವವಳೊಬ್ಬಳನ್ನು ಹುಡುಕಲು ಆಳನ್ನು ಕಳಿಸಿದಳು. ಅವನು ಕರೆತಂದವಳೇ ಹಂಪಮ್ಮ.

"ಕುರುಗೋಡ್ದಾಕಿ ಅದೀನ್ರಿ. ಗಂಡ ಕೂಲಿ ಹುಡುಕ್ಕೊಂಡು ಹೋದಾವ ಬಂದಿಲ್ರಿ" ಎಂದಳು. ಹದಿನೆಂಟು ವರ್ಷವೂ ಆಗಿರಲಿಕ್ಕಿಲ್ಲ. ಮೂರು ತಿಂಗಳ ಹೆಣ್ಣುಕೂಸಿತ್ತು. ಅದು ಅವಳ ಅತ್ತೆಯ ಜೊತೆ, ಸ್ಟೇಷನ್ ಕಡೆ ಸರ್ಕಾರದವರು ಹಾಕಿದ್ದ ಗಂಜಿ ಚಪ್ಪರದಲ್ಲಿತ್ತು.

"ಆ ಕೂಸನ್ನೂ ಕರಕೊಂಡು ಬರ್ಲಿ ಅತ್ತಿ. ಹಿತ್ತಲದಾಗ ಇರತೈತಿ" ಎಂದು ಅವ್ವ ಹಾಸಿಗೆಯಿಂದಲೇ ಹೇಳಿದಳು.

ಅಜ್ಜಿ ಹಂಪಮ್ಮನ ಎಲುಬು ಕಾಣುವ ಕತ್ತನ್ನು ನೋಡಿದಳು. "ಎದಿ ಎರಡಿದ್ರೂ ಹಾಲು ಒಂದ ಕೂಸಿಗೆ ಆಗೋಷ್ಟ ಐತಿ. ಎರಡೂ ಕುಡುದ್ರ ಎರಡೂ ಉಳಿಯಂಗಿಲ್ಲ" ಎಂದಳು. ಆ ಕೂಸಿಗೆಂದು ದಿನವೂ ಒಂದಿಷ್ಟು ಅಕ್ಕಿಹಿಟ್ಟು ಕಳಿಸುವ ಏರ್ಪಾಟು ಮಾಡಿದಳು. ಅಷ್ಟಾದರೆ ಸಾಕೆಂದು ಎಲ್ಲರೂ ಅಂದುಕೊಂಡೆವು.

ಬಾಣಂತಿಗೆಂದು ಮಾಡಿದ ಅಡುಗೆಯೆಲ್ಲ ಹಂಪಮ್ಮನ ತಾಟಿಗೆ ಬಂತು. ಬೆಳ್ಳುಳ್ಳಿ ಚಟ್ನಿ, ತುಪ್ಪ ಸವರಿದ ರೊಟ್ಟಿ, ಅಳವಿ ಪಾಯಸ. ಊರಿಗೇ ನೀರಿಲ್ಲದಾಗ ನಮ್ಮ ಬಾವಿಯ ತಳದ ನೀರು ಹಾಕಿ ಬೆಳೆದ ಸಬ್ಬಸಗಿ ಸೊಪ್ಪಿನ ಪಲ್ಯ. ಅವಳು ಮೊದಲ ದಿನ ಒಂದು ರೊಟ್ಟಿಯನ್ನು ಮೆಲ್ಲಗೆ ಸೆರಗಿಗೆ ಸೇರಿಸಿದಳು. ಅಜ್ಜಿ ಅದನ್ನು ಬಿಡಿಸಿ ಮತ್ತೆ ತಾಟಿಗಿಟ್ಟಳು. "ಇಲ್ಲೇ ಪೂರಾ ಉಣ್ಣು. ನೀ ಉಂಡದ್ದು ನನ್ನ ಮೊಮ್ಮಗನ ಹೊಟ್ಟಿಗಿ ಹೋಗಬೇಕು."

ಮಧ್ಯಾಹ್ನ ತಮ್ಮ ಮಲಗಿದಾಗ ಹಂಪಮ್ಮ ನನ್ನ ಜೊತೆ ಗಜ್ಜುಗದ ಆಟಕ್ಕೆ ಕೂಡುತ್ತಿದ್ದಳು. ಕಾಯಿಗಳನ್ನು ತೊಲೆಯೆತ್ತರಕ್ಕೆ ತೂರಿ ಅಂಗೈ ಹಿಂಬದಿಯ ಮೇಲೆ ಹಿಡಿಯುವಳು. "ಸೋತ್ರಿ ತಂಗೆಮ್ಮಾ!" ಎಂದು ನಗುವಳು. ನಗು ಅರ್ಧಕ್ಕೇ ನಿಂತು ಹಿತ್ತಲ ಬಾಗಿಲ ಕಡೆ ಕಿವಿಯಿಡುವಳು.

ಒಂದು ದಿನ ಅವಳು ಸಬ್ಬಸಗಿ ಪಲ್ಯದ ಜೊತೆ ಉಣ್ಣುತ್ತಿರುವಾಗ ಆ ಬಾಗಿಲಾಚೆ ಕೂಸು ಅತ್ತಿತು. ಅವಳ ಅತ್ತೆ ಅದನ್ನು ಎತ್ತಿಕೊಂಡು ಬಂದಿದ್ದಳು. ಹಂಪಮ್ಮನ ಕುಪ್ಪಸ ನನ್ನ ಕಣ್ಣೆದುರೇ ತೊಯ್ಯತೊಡಗಿತು. ತುತ್ತು ಕೈಯಲ್ಲಿದ್ದಂತೆಯೇ ಎದ್ದು ನಿಂತಳು.

"ಕೂಡು. ಉಣ್ಣು" ಎಂದಳು ಅಜ್ಜಿ.

"ಒಂದ ಸಲ, ಅಮ್ಮಾರ."

"ಇವತ್ತು ಒಂದ ಸಲ ಅಂತಿ. ನಾಳೆ?"

ಹಂಪಮ್ಮ ಕೂತಳು. ಉಂಡಳು. ಹೊರಗಿನ ಅಳು ಓಣಿಯ ಕೊನೆಯವರೆಗೆ ಹೋಗಿ ನಿಂತಿತು. ಸಬ್ಬಸಗಿ ಪಲ್ಯವನ್ನು ನಾನು ಇಂದಿಗೂ ತಾಟಿಗೆ ಹಾಕಿಸಿಕೊಳ್ಳುವುದಿಲ್ಲ.

ಕೆಲವು ದಿನಗಳಾದ ಮೇಲೆ ಅತ್ತೆ ಬೆಳಿಗ್ಗೆ ಒಬ್ಬಳೇ ಬಂದಳು. ಕೂಸನ್ನು ಸುತ್ತುತ್ತಿದ್ದ ಬಟ್ಟೆ ಅವಳ ಹೆಗಲ ಮೇಲಿತ್ತು. ಯಾರೂ ಏನೂ ಕೇಳಲಿಲ್ಲ. ಹಂಪಮ್ಮ ತಮ್ಮನನ್ನು ತೊಟ್ಟಿಲಲ್ಲಿ ಹಾಕಿ ಅವಳ ಹಿಂದೆ ಹೋದಳು.

ತಮ್ಮ ಸಂಜೆಯತನಕ ಅತ್ತು ದನಿ ಕಳೆದುಕೊಂಡ. "ಇನ್ನ ಆಕಿ ಬರಂಗಿಲ್ಲ" ಎಂದ ಅಪ್ಪ. ಅಜ್ಜಿ ದೀಪ ಹಚ್ಚುತ್ತಿರುವಾಗ ಹಿತ್ತಲ ಬಾಗಿಲು ತೆರೆಯಿತು. ಹಂಪಮ್ಮ ಬಂದು ನಿಂತಳು. ಉಗುರುಗಳ ತುಂಬ ಮಣ್ಣು.

"ಕೂಸನ್ನ ಕೊಡ್ರಿ."

ಅಜ್ಜಿ ತಮ್ಮನನ್ನು ಅವಚಿಕೊಂಡು ಹಿಂದೆ ಸರಿದಳು. ಅಜ್ಜಿ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಏನೂ ಮಾಡಂಗಿಲ್ರಿ ಅಮ್ಮಾರ. ಹಾಲು ತುಂಬಿ ಎದಿ ಕಟ್ಟೈತ್ರಿ. ತಡಕೊಳ್ಳಾಕ ಆಗವಲ್ದು."

"ಕೊಡ್ರಿ ಅತ್ತಿ" ಎಂದಳು ಅವ್ವ.

ಹಂಪಮ್ಮ ಕೈ ತೊಳೆದು ಬಂದು ಕೂತಳು. ಗೋಡೆಯನ್ನು ನೋಡುತ್ತಲೇ ಹಾಲೂಡಿಸಿದಳು. ತಮ್ಮ ಗುಟುಕರಿಸುತ್ತ ಕುಡಿದ.

ಆಮೇಲೂ ಅವಳು ವರ್ಷದ ಮೇಲೆ ನಮ್ಮಲ್ಲಿದ್ದಳು. ಅವಳ ಅತ್ತೆಯೂ ಆ ಚಪ್ಪರದಲ್ಲೇ ತೀರಿಕೊಂಡಳು. ಗೋಡೆ ನೋಡುತ್ತಿದ್ದ ಕಣ್ಣು ಮೆಲ್ಲಮೆಲ್ಲಗೆ ತಮ್ಮನ ಕಡೆ ತಿರುಗಿತು. ಅವನು ಮೊದಲು "ಅವ್ವಾ" ಅಂದದ್ದು ಅವಳನ್ನೇ. "ನಾ ಅಲ್ಲಪ್ಪ. ನಿಮ್ಮವ್ವ ಅಲ್ಲಿ ಅದಾಳ ನೋಡು" ಎಂದು ಅವಳು ಅವ್ವನ ಕಡೆ ಬೆರಳು ತೋರಿಸುತ್ತಿದ್ದಳು.

ಮಳೆ ಬಂದು ಜನ ಹಳ್ಳಿಗಳಿಗೆ ಮರಳತೊಡಗಿದಾಗ ಅವಳೂ ಹೊರಟು ನಿಂತಳು.

"ಅಲ್ಲಿ ನಿನಗ ಯಾರದಾರ? ಇಲ್ಲೇ ಇರು" ಎಂದು ಅಜ್ಜಿ ಅಂಗಲಾಚಿದಳು.

"ಇಲ್ಲೇ ಇದ್ರ ಇವನೇ ನನ್ನ ಕೂಸು ಅನ್ನಿಸಿಬಿಡತೈತ್ರಿ ಅಮ್ಮಾರ. ಆಕಿ ಮರತು ಹೋಗ್ತಾಳ."

ಅಜ್ಜಿ ಕೊಟ್ಟ ಸೀರೆಯನ್ನು ತೊಟ್ಟಿಲ ಮೇಲೆ ಬಿಟ್ಟು, ಬಿತ್ತನೆಯ ಜೋಳದ ಗಂಟನ್ನಷ್ಟೇ ತಲೆಯ ಮೇಲಿಟ್ಟುಕೊಂಡು ಹೋದಳು.

ತಮ್ಮನಿಗೆ ಮದುವೆ ಗೊತ್ತಾದಾಗ, ಮೊದಲ ಅಕ್ಕಿಕಾಳು ಅವಳ ಕೈಯಿಂದಲೇ ಬೀಳಬೇಕೆಂದು ಬಂಡಿ ಕಟ್ಟಿಕೊಂಡು ಕುರುಗೋಡಿಗೆ ಹೋದ. ಒಬ್ಬನೇ ಬಂದ. ಊರ ಹಿರಿಯರು ಕೇಳಿದ್ದರಂತೆ: "ಯಾವ ಹಂಪಮ್ಮಪ್ಪ? ನಮ್ಮೂರಾಗ ಮನಿಗೊಬ್ಬಾಕಿ ಹಂಪಮ್ಮ. ಆ ಬರದಾಗ ಎಷ್ಟೋ ಮನಿ ಹಾಳಾದ್ವು. ಸತ್ತ ಮಗಳ ಹೆಸರಾದ್ರೂ ಹೇಳು, ಗುರ್ತು ಹಿಡಿತೀವಿ."

"ಏನಿತ್ತು ಆ ಕೂಸಿನ ಹೆಸರು?" ಎಂದು ತಮ್ಮ ಕೇಳಿದ.

ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಅದಕ್ಕೆ 'ಆ ಕೂಸು' ಎಂಬುದೇ ಹೆಸರಾಗಿತ್ತು.

ಈಗ ಅಜ್ಜಿಯಿಲ್ಲ, ಅವ್ವನಿಲ್ಲ. ತುಂಬು ಬಾಳು ಬಾಳಿದ ತಮ್ಮನೂ ಹೋದ. ಅವನ ಮಕ್ಕಳು ಮೊಮ್ಮಕ್ಕಳು ಕೂತರೆ ಊಟಕ್ಕೆ ಎರಡು ಪಂಕ್ತಿ ಹಾಕಬೇಕು. ಆ ಹೆಸರು ಬಲ್ಲವಳು ವರ್ಷಕ್ಕೂ ಮೀರಿ ನಮ್ಮ ಸೂರಿನಡಿ ಇದ್ದಳು. ಒಬ್ಬರೂ ಕೇಳಲಿಲ್ಲ.