ಊಟದ ಮೇಲಿನ ನಿದ್ದೆ

ಒಸಾನಾಯಿ ತೋಕುಜಿ ದಡ್ಡನಲ್ಲ, ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು. ಅವನು ಮಕ್ಕಳನ್ನು ತೂಕದಿಂದ ಅಳೆಯುವ ಮನುಷ್ಯ. ಒಬ್ಬ ಹುಡುಗ ಎಷ್ಟು ಕಿಲೋ ಇದ್ದಾನೆ ಎನ್ನುವುದನ್ನು ಬಿಟ್ಟು ಆ ಹುಡುಗನಲ್ಲಿ ಅವನಿಗೆ ಬೇರೇನಾದರೂ ಕಂಡದ್ದನ್ನು ನಾನು ಮೂವತ್ತು ವರ್ಷಗಳಲ್ಲಿ ನೋಡಿಲ್ಲ.

ಜಪಾನಿನ ಉತ್ತರದ ನಮ್ಮ ತ್ಸುಗಾರು ಸೀಮೆಯಿಂದ ಹೊರಗೆ ಹೋಗುವುದು ಸೇಬು ಮತ್ತು ಸುಮೊ ಕುಸ್ತಿಯವರು. ಒಸಾನಾಯಿ ಹದಿನೈದಕ್ಕೇ ಟೋಕಿಯೊದ ಗರಡಿ ಸೇರಿ, ಒಂಬತ್ತು ವರ್ಷ ಹಿರಿಯರ ಬೆನ್ನು ತಿಕ್ಕಿ, ಅವರಿಗೆ ಅಡುಗೆ ಮಾಡಿ, ಹೆಸರು ಹೇಳಿಕೊಳ್ಳುವಂಥ ದರ್ಜೆ ಮುಟ್ಟದೆ ಹಿಂದಿರುಗಿದ. ಅಪ್ಪನ ತತಾಮಿ ಚಾಪೆಯ ಅಂಗಡಿಯಲ್ಲಿ ಕೂತ. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮಣ್ಣಿನ ಕಣ ಕಟ್ಟಿ ಊರ ಹುಡುಗರಿಗೆ ಕುಸ್ತಿ ಕಲಿಸತೊಡಗಿದ.

ಶನಿವಾರದ ಕ್ರಮ ಗರಡಿಯದೇ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಕಸರತ್ತು. ಹನ್ನೊಂದಕ್ಕೆ ಕೋಳಿ, ಎಲೆಕೋಸು, ತೋಫು ಒಟ್ಟಿಗೆ ಬೆಂದ ಚಾಂಕೊ ಹಂಡೆ, ಜೊತೆಗೆ ತಲೆಗೆ ಐದಾರು ಬಟ್ಟಲು ಅನ್ನ. ತಿಂದದ್ದು ಮೈಗೆ ಹತ್ತಲೆಂದು ಕೈ ತೊಳೆದ ಕೂಡಲೇ ನಿದ್ದೆ. ಗೋಡೆಯ ಕರಿಹಲಗೆಯಲ್ಲಿ ಪ್ರತಿಯೊಬ್ಬನ ತೂಕ. ಏರಿದವನಿಗೆ ಚಪ್ಪಾಳೆ, ಇಳಿದವನಿಗೆ, "ಏನೋ, ನಿಮ್ಮಮ್ಮ ಹರತಾಳ ಮಾಡ್ತಿದಾಳಾ?" ಎಂಬ ಗೇಲಿ.

ಹಲಗೆಯ ಮೇಲ್ತುದಿಯಲ್ಲಿದ್ದವನು ಮಿಕಾಮಿ ತೈಗಾ. ಹದಿನಾಲ್ಕು ವರ್ಷ, ನೂರ ನಲವತ್ತಾರು ಕಿಲೋ. ಸೇಬಿನ ಗೋದಾಮಿನಲ್ಲಿ ಹಣ್ಣು ವಿಂಗಡಿಸುವ ನಾತ್ಸುಕೊಳ ಒಬ್ಬನೇ ಮಗ. ಮಾರ್ಚಿನಲ್ಲಿ ಶಾಲೆ ಮುಗಿಸಿ ಟೋಕಿಯೊದ ಗರಡಿಗೆ ಹೊರಡುವುದೆಂದು ಮಾತಾಗಿತ್ತು.

ನಾನು ಈ ಊರಿನ ಶಾಲಾ ವೈದ್ಯೆ. ನಿವೃತ್ತಿಯ ವಯಸ್ಸು ದಾಟಿ ಹತ್ತು ವರ್ಷವಾದರೂ ಬೇರೆ ಯಾರೂ ಬರಲಿಲ್ಲವಾದ್ದರಿಂದ ಕೆಲಸ ಬಿಟ್ಟಿಲ್ಲ. ಅಕ್ಟೋಬರಿನಲ್ಲಿ ಅಧ್ಯಾಪಕರು ತೈಗಾನನ್ನು ನನ್ನ ಬಳಿಗೆ ಕಳಿಸಿದರು. ದಿನವೂ ಪಾಠದಲ್ಲಿ ನಿದ್ದೆ ಮಾಡುತ್ತಾನೆ, ಸೋಮಾರಿ ಎಂಬುದು ಅವರ ದೂರು.

"ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ?"

"ಒಂಬತ್ತಕ್ಕೆ, ಡಾಕ್ಟ್ರೇ. ಏಳೋದು ಆರಕ್ಕೆ."

"ಬೆಳಗ್ಗೆ ಎದ್ದಾಗ ತಲೆ ನೋಯುತ್ತಾ?"

ರಕ್ತದೊತ್ತಡದ ಪಟ್ಟಿ ತೋಳಿನಲ್ಲಿರುವಾಗಲೇ ಅವನು ಕೂತಲ್ಲೇ ನಿದ್ದೆ ಹೋಗಿದ್ದ.

ಆ ಶನಿವಾರ ಊಟ ಮುಗಿದ ಹೊತ್ತಿಗೆ ಶೆಡ್ಡಿಗೆ ಹೋದೆ. ಹನ್ನೊಂದು ಹುಡುಗರು ಸಾಲಾಗಿ ಮಲಗಿದ್ದರು. ತೈಗಾನ ಗೊರಕೆ ಬೀದಿಗೇ ಕೇಳಿಸಿತ್ತು. ನಾನು ಪಕ್ಕದಲ್ಲಿ ಕೂರುತ್ತಿದ್ದಂತೆ ಅದು ನಿಂತಿತು. ಕೈಗಡಿಯಾರ ನೋಡಿದೆ. ಮೂವತ್ತೆಂಟು ಸೆಕೆಂಡು. ಆಮೇಲೆ ಮೈಯೆಲ್ಲ ಅದುರಿ, ನೀರಿನಿಂದ ಮೇಲೆದ್ದವನ ಹಾಗೆ ಗಾಳಿ ಎಳೆದುಕೊಂಡ.

"ಕೇಳಿಸ್ತಾ?" ಎಂದು ಒಸಾನಾಯಿಯನ್ನು ಕೇಳಿದೆ.

ಅವನು ಹಂಡೆ ಉಜ್ಜುತ್ತಿದ್ದ. "ಇದೇನ್ ಗೊರಕೆ, ಡಾಕ್ಟ್ರೇ. ನಮ್ಮ ಗರಡೀಲಿ ಒಬ್ಬ ಇದ್ದ, ಪಕ್ಕದ ಬೀದಿ ನಾಯಿ ಮನೆ ಬಿಟ್ಟು ಹೋಗಿತ್ತು."

"ಗೊರಕೆ ಅಲ್ಲ. ಗೊರಕೆ ನಿಂತಿದ್ದು ಕೇಳಿಸ್ತಾ ಅಂದೆ."

"ನಿಂತ್ರೆ ಒಳ್ಳೇ ನಿದ್ದೆ ಹತ್ತಿದೆ ಅಂತ. ಆಗ ನಾವು ಯಾರನ್ನೂ ಎಬ್ಬಿಸಲ್ಲ."

"ನಿಂತಾಗ ಉಸಿರೇ ಇಲ್ಲ, ಒಸಾನಾಯಿ."

ಅವನು ನನ್ನನ್ನೇ ನೋಡಿ, ಮತ್ತೆ ಹಂಡೆ ಉಜ್ಜಿದ.

ನಗರದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆ. ನಿದ್ದೆಯಲ್ಲಿ ಗಂಟೆಗೆ ಅರವತ್ತೊಂದು ಸಲ ಉಸಿರು ಕಟ್ಟುತ್ತಿತ್ತು. ಹೃದಯದ ಬಲಭಾಗ ಆಗಲೇ ಹಿಗ್ಗಿತ್ತು. ಶಸ್ತ್ರಚಿಕಿತ್ಸೆಯಿಂದ ಆಗುವಂಥದ್ದೇನೂ ಇರಲಿಲ್ಲ. ತೂಕ ಇಳಿಯಬೇಕು, ಇಳಿಯುವವರೆಗೆ ಪ್ರತಿ ನಿದ್ದೆಯಲ್ಲೂ ಮುಖವಾಡ ಕಟ್ಟಿಕೊಂಡು ಯಂತ್ರದ ಗಾಳಿ ತೆಗೆದುಕೊಳ್ಳಬೇಕು. ನಾತ್ಸುಕೊ ಯಂತ್ರದ ಚೀಲ ಹಿಡಿದು, ಮಗನನ್ನು ಕರೆದುಕೊಂಡು, ಅದನ್ನು ಹಾಕಲು ಒಸಾನಾಯಿಯ ಅಪ್ಪಣೆ ಕೇಳಲು ಹೋದಳು. ನಾನೂ ಜೊತೆಗೆ ಹೋದೆ.

"ಈ ವರದಿ ನೋಡಿದ್ರೆ ಗರಡಿಯವರು ಸೇರಿಸ್ಕೊಳ್ಳಲ್ಲ ಕಣಮ್ಮ," ಎಂದ ಒಸಾನಾಯಿ. "ಅಲ್ಲಿ ಇಪ್ಪತ್ತು ಜನಕ್ಕೆ ಒಂದೇ ಕೋಣೆ. ಮೂತಿಗೆ ಕೊಳವೆ ಸಿಗಿಸ್ಕೊಂಡು ಮಲಗಿದ್ರೆ ಬೆಳಗಾಗೋದ್ರೊಳಗೆ ಆನೆ ಅಂತ ಹೆಸರಿಡ್ತಾರೆ."

"ಇಡಲಿ," ಎಂದೆ. "ಬೆಳಗಾಗೋದು ಮುಖ್ಯ."

ನಾತ್ಸುಕೊ ನನ್ನ ಕಡೆ ತಿರುಗಿದಳು. "ಗರಡಿ ತಪ್ಪಿದ್ರೆ ಇವನ ಗತಿ ಏನು ಹೇಳಿ, ಡಾಕ್ಟ್ರೇ. ಪಾಠದಲ್ಲಿ ನಿದ್ದೆ ಮಾಡೋನನ್ನ ಯಾವ ಹೈಸ್ಕೂಲು ತಗೊಳ್ಳುತ್ತೆ? ಇವನ ಹತ್ರ ಇರೋದು ಈ ಮೈ ಒಂದೇ."

"ನಂಗೆ ಹೋಗ್ಬೇಕು," ಎಂದ ತೈಗಾ, ನೆಲ ನೋಡುತ್ತ. "ಅಲ್ಲಿ ಯಾರೂ ನನ್ನ ಡುಮ್ಮ ಅನ್ನಲ್ಲ."

ವಾರದೊಳಗೆ ಯಂತ್ರ ಆಸ್ಪತ್ರೆಗೆ ವಾಪಸಾಯಿತು. ನಾನು ನಾತ್ಸುಕೊಳ ಮನೆಗೆ ಎರಡು ಸಲ ಹೋದೆ. ಎರಡನೆಯ ಸಲ ಚಹ ಕೊಟ್ಟು ಮಾತು ಸೇಬಿನತ್ತ ತಿರುಗಿಸಿದಳು. ತಾಯಿ ಬೇಡವೆಂದ ಮೇಲೆ ಶಾಲೆ ಏನೂ ಮಾಡುವಂತಿಲ್ಲ ಎಂದರು ಮುಖ್ಯೋಪಾಧ್ಯಾಯರು. ಗರಡಿಗೆ ನಾನೇ ಕಾಗದ ಬರೆಯಬಹುದಿತ್ತು. ರೋಗಿಯ ವಿಷಯ ಹೊರಗೆ ಹೇಳುವ ಹಕ್ಕು ವೈದ್ಯರಿಗಿಲ್ಲ, ಬರೆಯಲಿಲ್ಲ. ಅದು ಸರಿಯಾದ ನಿರ್ಧಾರವೆಂದು ಈಗಲೂ ಹೇಳುತ್ತೇನೆ, ಆದರೆ ಅದರಿಂದ ಆ ಹುಡುಗನಿಗೆ ಯಾವ ಉಪಕಾರವೂ ಆಗಲಿಲ್ಲ. ಜನವರಿಯಲ್ಲಿ ಅವನ ಕಾಲು ನೀರು ತುಂಬಿ ಬಾತುಕೊಂಡಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಹಲಗೆಯಲ್ಲಿ ನೂರ ಐವತ್ತಮೂರು ಬರೆದು ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಫೆಬ್ರವರಿಯ ಒಂದು ಶನಿವಾರ, ಒಸಾನಾಯಿಗೆ ಕೊನೆಯ ಸಲ ಹೇಳಿ ನೋಡೋಣವೆಂದು, ಹುಡುಗರೆಲ್ಲ ಹೋದ ಮೇಲೆ ಎರಡು ಗಂಟೆಗೆ ಶೆಡ್ಡಿಗೆ ಹೋದೆ. ಬಾಗಿಲಲ್ಲಿ ಒಂದೇ ಜೊತೆ ದೊಡ್ಡ ಬೂಟು ಇತ್ತು. ಒಳಗೆ ಗೊರಕೆ ಇರಲಿಲ್ಲ. ಬಾಗಿಲು ಸರಿಸಿದೆ.

ಒಸಾನಾಯಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ತೈಗಾ ಅವನ ಎದೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದ. ಅಷ್ಟೂ ಭಾರ ಒಸಾನಾಯಿಯ ಮೇಲಿತ್ತು. ಒಲೆ ಆರಿ ಕೋಣೆ ತಣ್ಣಗಾಗಿದ್ದರೂ ಅವನ ಹಣೆ ಬೆವತಿತ್ತು.

"ಕೂತ್ರೆ ಉಸಿರು ಅಷ್ಟು ನಿಲ್ಲಲ್ಲ," ಎಂದು ಪಿಸುಗುಟ್ಟಿದ. "ಎಣಿಸಿ ನೋಡ್ದೆ."

"ಯಾವಾಗಿಂದ ಹೀಗೆ?"

"ನೀವು ಹೇಳಿ ಹೋದ್ರಲ್ಲ, ಆವತ್ತಿಂದ. ಪ್ರತಿ ಶನಿವಾರ."

"ಉಳಿದ ಆರು ದಿನ? ಮಾರ್ಚ್ ಆದ್ಮೇಲೆ?"

ಹುಡುಗನ ತಲೆ ಮುಂದಕ್ಕೆ ಜಾರಿತು. ಒಸಾನಾಯಿ ಅಂಗೈಯಿಂದ ಅವನ ಗಲ್ಲವನ್ನು ಮೆಲ್ಲಗೆ ಎತ್ತಿ ಹಿಡಿದು, ಕತ್ತು ಬಾಗಿಸಿ, ತನ್ನ ಕಿವಿಯನ್ನು ಅವನ ಬಾಯಿಯ ಹತ್ತಿರ ಇಟ್ಟ.